ಸಂಖ್ಯೆ ಬರೆದ ನಕ್ಷೆ, ಕಪ್ಪು ಉಣ್ಣೆ: ಜಾನ್ ಲ್ಯೂರ್ಸಾ ಜಾಡಿನಲ್ಲಿ ಏಳು ದಿನ

ಇಪ್ಪತ್ತನೇ ಶತಮಾನದ ಫ್ರೆಂಚ್ ಟ್ಯಾಪೆಸ್ಟ್ರಿ (ಗೋಡೆಗೆ ತೂಗಲು ಉಣ್ಣೆಯಲ್ಲಿ ನೇಯ್ದ ಚಿತ್ರ) ಎಂದರೆ ಮೊದಲು ಬರುವ ಹೆಸರು ಜಾನ್ ಲ್ಯೂರ್ಸಾ. 1892ರ ಜುಲೈ 1ರಂದು ಪೂರ್ವ ಫ್ರಾನ್ಸಿನ ವೋಜ್ ಪ್ರಾಂತ್ಯದ ಬ್ರುಯೇರ್‌ನಲ್ಲಿ ಹುಟ್ಟಿದರು, 1966ರ ಜನವರಿ 6ರಂದು ದಕ್ಷಿಣದ ಸೇಂ-ಪೋಲ್-ದ-ವಾನ್ಸ್‌ನಲ್ಲಿ ತೀರಿಕೊಂಡರು. ಅವರ ಕೆಲಸ ನೋಡಬೇಕೆಂದರೆ ಈ ಎರಡು ಊರುಗಳಿಗೂ ಹೋಗಬೇಕಾಗಿಲ್ಲ. ಪ್ಯಾರಿಸ್, ಒಬ್ಯುಸೋನ್, ಸೇಂ-ಸೆರೆ, ಆಂಜೆ, ಈ ನಾಲ್ಕು ಸಾಕು, ಅದೂ ಇದೇ ಕ್ರಮದಲ್ಲಿ. ಆಂಜೆಯಲ್ಲಿರುವ ದೊಡ್ಡ ಕೃತಿಯನ್ನು ಮೊದಲೇ ನೋಡಿಬಿಟ್ಟರೆ ಬಣ್ಣ, ಸೂರ್ಯ, ಹುಂಜ ಕಾಣುತ್ತವೆಯೇ ಹೊರತು ನೇಯ್ಗೆ ಕಾಣುವುದಿಲ್ಲ. ಲ್ಯೂರ್ಸಾ ಮಾಡಿದ ದೊಡ್ಡ ಕೆಲಸ ಇರುವುದು ನೇಯ್ಗೆಯಲ್ಲಿ. ಇನ್ನೂ ಸರಿಯಾಗಿ ಹೇಳುವುದಾದರೆ, ಚಿತ್ರಕಾರ ನೇಕಾರನಿಗೆ ಕೊಡುವ ಸೂಚನೆಯಲ್ಲಿ.

ಹೊರಡುವ ಮುಂಚೆ ಒಂದೆರಡು ವಿಷಯ. ಸೇಂ-ಸೆರೆಯ ಮ್ಯೂಸಿಯಂ ವರ್ಷವಿಡೀ ತೆರೆದಿರುವುದಿಲ್ಲ. ಬೇಸಿಗೆಯ ತಿಂಗಳುಗಳೇ ಸುರಕ್ಷಿತ, ಟಿಕೆಟ್ ಕಾದಿರಿಸುವ ಮೊದಲು ಆ ವರ್ಷದ ತೆರೆಯುವ ದಿನಗಳನ್ನು ನೋಡಿಕೊಳ್ಳಿ. ಬೆಂಗಳೂರಿನಿಂದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರು ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದ ಹದಿನೈದು ದಿನ ಮೊದಲಿನವರೆಗೆ ಹಾಕಬಹುದು. ಆದರೆ ಬೇಸಿಗೆಯ ಅಪಾಯಿಂಟ್‌ಮೆಂಟ್‌ಗಳು ಬೇಗ ತುಂಬುತ್ತವೆ. ಸಣ್ಣ ಊರುಗಳ ಹೋಟೆಲ್ ಬುಕಿಂಗ್ ಕಾಗದವನ್ನೂ ಅರ್ಜಿಯ ಜೊತೆ ಇಡಬೇಕು, ಪ್ಯಾರಿಸ್‌ನದ್ದು ಮಾತ್ರ ಇಟ್ಟರೆ ಸಾಲದು. ಕಾರು ಬಾಡಿಗೆಗೆ ಪಡೆಯುವುದಾದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಊರಲ್ಲೇ ಮಾಡಿಸಿಕೊಂಡಿರಿ. ಗೇರ್ ಹಾಕುವ ಕಾರೇ ಇಲ್ಲಿ ಸಾಮಾನ್ಯ. ಆಟೊಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿ ಕಾದಿರಿಸಬೇಕು.

ಮೊದಲ ದಿನ: ಪ್ಯಾರಿಸ್, ಗೋಬ್ಲಾಂ

ಮೆಟ್ರೊ 7ನೇ ಮಾರ್ಗದಲ್ಲಿ ಲೇ ಗೋಬ್ಲಾಂ ನಿಲ್ದಾಣದಲ್ಲಿ ಇಳಿದರೆ ಐದು ನಿಮಿಷದ ನಡಿಗೆ. 1662ರಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಕಟ್ಟಿ ನಿಲ್ಲಿಸಿದ ರಾಜಮನೆತನದ ಟ್ಯಾಪೆಸ್ಟ್ರಿ ಕಾರ್ಖಾನೆ ಇದು. ಇಂದಿಗೂ ಸರ್ಕಾರದ್ದೇ, ನೇಕಾರರು ಸರ್ಕಾರಿ ನೌಕರರು. ಮುಂಭಾಗದ ಪ್ರದರ್ಶನಾಲಯ ಪ್ರದರ್ಶನವಿದ್ದಾಗ ಮಾತ್ರ ತೆರೆದಿರುತ್ತದೆ. ಮಗ್ಗಗಳನ್ನು ನೋಡಲು ಮಾರ್ಗದರ್ಶಕರ ಜೊತೆಯ ಭೇಟಿಯನ್ನು ಮುಂಚಿತವಾಗಿ ಕಾದಿರಿಸಬೇಕು. ಬಾಗಿಲಿಗೆ ಹೋಗಿ ಕೇಳಿದರೆ ಒಳಗೆ ಬಿಡುವುದಿಲ್ಲ.

ಇಲ್ಲಿಯ ಮಗ್ಗ ನಿಂತ ಮಗ್ಗ. ಹಾಸಿನ ಎಳೆಗಳು ಮೇಲಿಂದ ಕೆಳಕ್ಕೆ ಇಳಿಬಿದ್ದಿರುತ್ತವೆ. ನೇಕಾರ ಬಟ್ಟೆಯ ಹಿಂಬದಿಗೆ ಕುಳಿತು ನೇಯುತ್ತಾನೆ, ಮುಂಭಾಗದಲ್ಲಿ ಕನ್ನಡಿ ಇಟ್ಟು ತಾನು ನೇಯ್ದದ್ದನ್ನು ನೋಡಿಕೊಳ್ಳುತ್ತಾನೆ. ಚಿತ್ರದ ಮುಖ್ಯ ರೇಖೆಗಳನ್ನು ಹಾಸಿನ ಎಳೆಗಳ ಮೇಲೆಯೇ ಶಾಯಿಯಲ್ಲಿ ಗುರುತು ಹಾಕಿಕೊಂಡಿರುತ್ತಾರೆ, ಮೂಲ ಚಿತ್ರ ಬೆನ್ನ ಹಿಂದೆ ತೂಗುತ್ತಿರುತ್ತದೆ.

ಲ್ಯೂರ್ಸಾ ಯಾವುದರ ವಿರುದ್ಧ ತಿರುಗಿ ನಿಂತರು ಎಂಬುದು ಇಲ್ಲಿ ಅರ್ಥವಾಗುತ್ತದೆ. ಹದಿನೆಂಟನೇ ಶತಮಾನದಲ್ಲಿ ಚಿತ್ರಕಾರ ಜಾನ್-ಬತಿಸ್ತ್ ಊದ್ರಿ, ನೇಕಾರರು ತಮ್ಮ ಹಳೆಯ ರೂಢಿಯ ಬಣ್ಣಗಳನ್ನು ಬಿಟ್ಟು ತೈಲಚಿತ್ರದ ಪ್ರತಿಯೊಂದು ಛಾಯೆಯನ್ನೂ ಹಾಗೇ ನೇಯಬೇಕೆಂದು ಪಟ್ಟು ಹಿಡಿದರು. ಮುಂದಿನ ಶತಮಾನದಲ್ಲಿ ಇದೇ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್ ಬಣ್ಣಗಳನ್ನು ವರ್ಗೀಕರಿಸಿ 14,400 ಛಾಯೆಗಳ ಪಟ್ಟಿ ಮಾಡಿದರು. ಷೆವ್ರಲ್ ವಿಜ್ಞಾನ ತಪ್ಪಲ್ಲ. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ಅವರ ನಿಯಮವನ್ನು ಚಿತ್ರಕಾರರು ಇಂದಿಗೂ ಬಳಸುತ್ತಾರೆ. ತೊಂದರೆ ಬೇರೆ ಕಡೆಯದು. ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸವಿರುವ ಹತ್ತು ಗುಲಾಬಿಗಳಲ್ಲಿ ಒಂದೊಂದೂ ಬೆಳಕಿಗೆ ಬೇರೆ ಬೇರೆ ವೇಗದಲ್ಲಿ ಮಾಸುತ್ತದೆ. ಕೆಲವು ದಶಕ ಕಳೆಯುವಷ್ಟರಲ್ಲಿ ಮುಖದ ಉಬ್ಬುತಗ್ಗು ಮಾಯವಾಗಿ ಮಂಕಾದ ತೇಪೆಗಳು ಉಳಿಯುತ್ತವೆ. ಅಷ್ಟು ಛಾಯೆ ತೋರಿಸಲು ಎಳೆ ತೀರಾ ಸಣ್ಣದಿರಬೇಕು, ಎಳೆ ಸಣ್ಣದಾದಷ್ಟೂ ಕೆಲಸ ನಿಧಾನ, ನಿಧಾನವಾದಷ್ಟೂ ಬೆಲೆ ಏರಿಕೆ. ಕೊನೆಗೆ ಕೈಗೆ ಬರುವುದು ತೈಲಚಿತ್ರದ ದುಬಾರಿ ನಕಲು.

ಸಂಜೆಗೆ ಸಮಯವಿದ್ದರೆ 14ನೇ ವಿಭಾಗದ ವಿಲ್ಲಾ ಸರಾ ಎಂಬ ಪುಟ್ಟ ಓಣಿ. ಅಲೇಸಿಯಾ ಮೆಟ್ರೊದಿಂದ ನಡೆದು ಹೋಗಬಹುದು. 1920ರ ದಶಕದ ಮಧ್ಯದಲ್ಲಿ ಲ್ಯೂರ್ಸಾ ಅವರ ತಮ್ಮ, ವಾಸ್ತುಶಿಲ್ಪಿ ಆಂದ್ರೆ ಲ್ಯೂರ್ಸಾ, ಅಣ್ಣನಿಗಾಗಿ ಇಲ್ಲಿ ಮನೆ ಕಟ್ಟಿದರು. ಅಲಂಕಾರವೇ ಇಲ್ಲದ ಬೋಳು ಗೋಡೆಯ ಮನೆ. ಅಂಥ ಬೋಳು ಗೋಡೆ ಬಂದ ಕಾಲದಲ್ಲೇ ಗೋಡೆಗೆ ತೂಗುವ ಉಣ್ಣೆಗೆ ಮತ್ತೆ ಬೆಲೆ ಬಂತು ಎಂಬುದನ್ನು ಬೀದಿಯಲ್ಲಿ ನಿಂತೇ ಯೋಚಿಸಬಹುದು. ಒಳಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಎರಡನೇ ದಿನ: ಲಿಮೋಜ್ ದಾರಿಯಾಗಿ ಒಬ್ಯುಸೋನ್

ಓಸ್ತರ್‌ಲಿಟ್ಜ್ ನಿಲ್ದಾಣದಿಂದ ಲಿಮೋಜ್‌ಗೆ ರೈಲಿನಲ್ಲಿ ಮೂರೂವರೆ ಗಂಟೆಯ ಆಸುಪಾಸು. ಇನ್ನೂ ಮೊದಲು ಸಿಗುವ ಲಾ ಸೂತೆರೇನ್‌ನಲ್ಲಿ ಇಳಿದರೆ ನಕಾಶೆಯಲ್ಲಿ ಹತ್ತಿರವೆನಿಸುತ್ತದೆ, ಆದರೆ ಅಲ್ಲಿಂದ ಮುಂದಿನ ಬಸ್ಸು, ರೈಲು ದಿನಕ್ಕೆ ಬೆರಳೆಣಿಕೆಯಷ್ಟು. ಒಂದು ತಪ್ಪಿದರೆ ದಿನವೇ ಹೋಯಿತು. ಲಿಮೋಜ್‌ನಲ್ಲಿ ಕಾರು ಪಡೆದು ಪೂರ್ವಕ್ಕೆ ಸುಮಾರು 90 ಕಿಲೋಮೀಟರ್ ಹೋಗುವುದು ಜಾಣತನ. ಭಾನುವಾರ ಬಾಡಿಗೆ ಕಚೇರಿಗಳು ಮುಚ್ಚಿರುವುದು ಹೆಚ್ಚು, ಹಾಗಾಗಿ ಈ ದಿನ ಭಾನುವಾರ ಬೀಳದಂತೆ ನೋಡಿಕೊಳ್ಳಿ.

ದಾರಿಯುದ್ದಕ್ಕೂ ನೋಡುವಂಥದ್ದು ಕಡಿಮೆ. ಲ್ಯೂರ್ಸಾ ಒಬ್ಯುಸೋನ್‌ಗೆ ಬಂದು ಮುಟ್ಟಿದ ಬಗೆಯನ್ನು ಇಲ್ಲೇ ಹೇಳಿಬಿಡಬಹುದು. ವೈದ್ಯಕೀಯ ಓದಲು ಹೊರಟವರು ಅದನ್ನು ಬಿಟ್ಟು ನಾನ್ಸಿಯಲ್ಲಿ ವಿಕ್ಟರ್ ಪ್ರೂವೇ ಬಳಿ ಸೇರಿದರು. ಪ್ರೂವೇ ಚಿತ್ರ, ಶಿಲ್ಪ, ಚರ್ಮದ ಕೆಲಸ, ಪೀಠೋಪಕರಣ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದ ನಾನ್ಸಿ ಪಂಥದವರು. 1912ರಲ್ಲಿ ಲ್ಯೂರ್ಸಾ ಪ್ಯಾರಿಸ್‌ಗೆ ಬಂದರು. 1914ರಲ್ಲಿ ಯುದ್ಧಕ್ಕೆ ಹೋದರು, ಕಾಯಿಲೆ ಬಿದ್ದು ಹಿಂದಿರುಗಿದರು. 1917ರಲ್ಲಿ ಅವರ ಎರಡು ಚಿತ್ರಗಳನ್ನು ತಾಯಿಯೇ ಕ್ಯಾನ್ವಾಸ್ ಬಟ್ಟೆಯ ಮೇಲೆ ಉಣ್ಣೆಯಲ್ಲಿ ಕಸೂತಿ ಹಾಕಿಕೊಟ್ಟರು. ಮಗ್ಗದ ಕೆಲಸವಲ್ಲ ಅದು, ಸೂಜಿಯದು. ಮುಂದೆ ಮೊದಲ ಹೆಂಡತಿ ಮಾರ್ತ್ ಎನೆಬೇರ್ ಕೂಡ ಹೀಗೇ ಅವರ ಚಿತ್ರಗಳನ್ನು ಕಸೂತಿಯಲ್ಲಿ ಮಾಡಿದರು. ಇಪ್ಪತ್ತರ ದಶಕವೆಲ್ಲ ಲ್ಯೂರ್ಸಾ ಹೆಸರು ಮಾಡಿದ್ದು ತೈಲಚಿತ್ರಗಾರರಾಗಿ.

1933ರಲ್ಲಿ ಮಾರಿ ಕುತ್ತೊಲಿ ಎಂಬ ಕಲಾಪೋಷಕಿ ಲ್ಯೂರ್ಸಾ ಅವರ ‘ಬಿರುಗಾಳಿ’ ಚಿತ್ರವನ್ನು ಒಬ್ಯುಸೋನ್‌ನಲ್ಲಿ ನೇಯಿಸಿದರು. ಈಕೆ ಪಿಕಾಸೊ, ಬ್ರಾಕ್, ಲೆಜೆ, ರೂಓ ಅವರ ಚಿತ್ರಗಳನ್ನೂ ನೇಯಿಸಿದವರು. ಹಳ್ಳಿ ಮಗ್ಗಗಳಿಗೆ ಕೆಲಸ ಸಿಕ್ಕಿದ್ದು ಈಕೆಯಿಂದ ಎಂಬುದು ನಿಜ. ಆದರೆ ನೇಯ್ದದ್ದು ಮತ್ತದೇ ತೈಲಚಿತ್ರದ ನಿಷ್ಠ ನಕಲು. ಕುಂಚದ ಗೀರು, ಇದ್ದಿಲಿನ ಉಜ್ಜುಗೆ ಸಹ ಉಣ್ಣೆಯಲ್ಲಿ. ನೇಕಾರರ ಕೈಚಳಕಕ್ಕೆ ಬೆರಗಾಗಬಹುದು, ಅಷ್ಟೇ. 1936ರಲ್ಲಿ ಗೋಬ್ಲಾಂ ಮಗ್ಗದಲ್ಲಿ ಲ್ಯೂರ್ಸಾ ಅವರ ‘ಇಕಾರಸ್‌ನ ಭ್ರಮೆಗಳು’ ನೇಯಲಾಯಿತು. ಆಮೇಲೆ ಒಬ್ಯುಸೋನ್‌ನ ಮಗ್ಗದ ಯಜಮಾನ ಫ್ರಾಂಸ್ವಾ ತಬಾರ್ ಪರಿಚಯವಾದರು. 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾದ ಹೊತ್ತಿಗೆ, ಚಿತ್ರಕಾರರಾದ ಮಾರ್ಸೆಲ್ ಗ್ರೊಮೇರ್ ಮತ್ತು ಪಿಯೆರ್ ದ್ಯುಬ್ರೇ ಜೊತೆ ಸರ್ಕಾರದ ಕೆಲಸದ ಮೇಲೆ ಲ್ಯೂರ್ಸಾ ಇಲ್ಲೇ ಬಂದು ನೆಲೆಸಿದರು.

ರಾತ್ರಿಯೂಟ ಏಳೂವರೆಯಿಂದ ಒಂಬತ್ತರ ಒಳಗೆ ಮುಗಿಸಬೇಕು, ಆಮೇಲೆ ಅಡುಗೆಮನೆ ಮುಚ್ಚುತ್ತದೆ. ಸಸ್ಯಾಹಾರಿಗಳಿಗೆ ಈ ಕಡೆ ಆಲೂಗಡ್ಡೆಗೆ ಕರಗಿಸಿದ ಚೀಸ್ ಹಾಕಿದ್ದು ಸಿಗುತ್ತದೆ. ಆಲೂಗಡ್ಡೆಯ ಮುಚ್ಚುಕಡುಬಿನಲ್ಲಿ ಕೆಲವರು ಮಾಂಸ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಹೇಜಲ್‌ನಟ್ ಪುಡಿಯ ಇಲ್ಲಿಯ ಕೇಕ್ ರುಚಿಯಾದದ್ದು, ಮೊಟ್ಟೆಯ ಬಿಳಿ ಅದರಲ್ಲಿ ಇದ್ದೇ ಇರುತ್ತದೆ.

ಮೂರನೇ ದಿನ: ಒಬ್ಯುಸೋನ್, ಮಲಗಿದ ಮಗ್ಗ

ಕ್ರೋಜ್ ನದಿಯ ಕಣಿವೆಯಲ್ಲಿ ಒತ್ತೊತ್ತಾಗಿ ಕುಳಿತ ಸಣ್ಣ ಊರು. ಗ್ರಾನೈಟ್ ನೆಲದ ಮೇಲೆ ಹರಿಯುವ ಈ ನದಿಯ ನೀರಿನಲ್ಲಿ ಸುಣ್ಣದಂಶ ಕಡಿಮೆ, ಸ್ವಲ್ಪ ಹುಳಿ. ಉಣ್ಣೆಯ ಜಿಡ್ಡು ತೊಳೆಯಲು, ಬಣ್ಣ ಹಿಡಿಸಲು ಇಂಥ ನೀರೇ ಬೇಕು. 1665ರಲ್ಲಿ ಕೋಲ್ಬೇರ್ ಈ ಊರಿನ ಮಗ್ಗಗಳಿಗೆ ‘ರಾಜ ಕಾರ್ಖಾನೆ’ ಎಂಬ ಬಿರುದು ಕೊಟ್ಟರೂ ಗೋಬ್ಲಾಂನಂತೆ ಒಂದೇ ಸೂರಿನ ಕೆಳಗೆ ತರಲಿಲ್ಲ. ಬೇರೆ ಬೇರೆ ಕುಟುಂಬಗಳ ಖಾಸಗಿ ಮಗ್ಗಶಾಲೆಗಳಾಗಿಯೇ ಉಳಿದವು. 2009ರಲ್ಲಿ ಯುನೆಸ್ಕೊ ಇಲ್ಲಿಯ ನೇಯ್ಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಡೀ ದಿನ ಸಿತೇ ಎಂಬ ಅಂತರರಾಷ್ಟ್ರೀಯ ಟ್ಯಾಪೆಸ್ಟ್ರಿ ಕೇಂದ್ರಕ್ಕೆ ಮೀಸಲಿಡಿ. ಹಳೆಯ ಅಲಂಕಾರ ಕಲಾ ಶಾಲೆಯ ಕಟ್ಟಡದಲ್ಲಿ 2016ರ ಜುಲೈನಲ್ಲಿ ತೆರೆದದ್ದು. ಬೇಸಿಗೆಯ ಹೊರತು ಸಾಮಾನ್ಯವಾಗಿ ಮಂಗಳವಾರ ರಜೆ. ದೊಡ್ಡ ಕತ್ತಲೆ ಸಭಾಂಗಣದಲ್ಲಿ ಶತಮಾನಗಳ ಕ್ರಮದಲ್ಲಿ ಟ್ಯಾಪೆಸ್ಟ್ರಿಗಳನ್ನು ತೂಗುಹಾಕಿದ್ದಾರೆ. ಮೊದಲ ಸುತ್ತು ಬೇಗ ಮುಗಿಸಿ, ಎರಡನೇ ಸುತ್ತಿನಲ್ಲಿ ಹತ್ತಿರ ನಿಂತು ನೋಡಿ.

ಇಲ್ಲಿಯ ಮಗ್ಗ ಮಲಗಿದ್ದು. ಎರಡು ದಪ್ಪ ಮರದ ಉರುಳೆಗಳ ನಡುವೆ ಹತ್ತಿಯ ಹಾಸು ಬಿಗಿದಿರುತ್ತದೆ. ಇಬ್ಬರು ಮೂವರು ನೇಕಾರರು ಒಂದೇ ಹಲಗೆಯ ಮೇಲೆ ಸಾಲಾಗಿ ಕುಳಿತು, ಎದೆ ಬಗ್ಗಿಸಿ, ಕಾಲಿನಿಂದ ಮಣೆ ಒತ್ತಿ ಸರಿ-ಬೆಸ ಎಳೆಗಳನ್ನು ಬೇರ್ಪಡಿಸುತ್ತಾರೆ. ಹಾಸಿನ ಕೆಳಗೆ, ಕೆಲವೇ ಅಂಗುಲ ದೂರದಲ್ಲಿ, ನಿಜ ಅಳತೆಯ ನಕ್ಷೆ. ಎಳೆಗಳನ್ನು ಬೆರಳಿನಿಂದ ಸರಿಸಿ ನಡುವೆ ಕಾಣುವ ಗೆರೆಯನ್ನು ನೋಡುತ್ತಾ ನೇಯಬೇಕು. ಸೀರೆ ಮಗ್ಗದಲ್ಲಿ ಲಾಳಿ ಒಂದಂಚಿನಿಂದ ಇನ್ನೊಂದಂಚಿಗೆ ಓಡುತ್ತದೆ. ಇಲ್ಲಿ ಹೊಕ್ಕಿನ ಉಣ್ಣೆ ಆ ಬಣ್ಣದ ಗಡಿಯವರೆಗೆ ಮಾತ್ರ ಹೋಗಿ ಹಿಂದಿರುಗುತ್ತದೆ. ಪ್ರತಿ ಬಣ್ಣಕ್ಕೂ ಒಂದು ಮರದ ಕದಿರು. ಇಪ್ಪತ್ತು ಬಣ್ಣ ಒಟ್ಟಿಗೆ ನಡೆಯುತ್ತಿದ್ದರೆ ಇಪ್ಪತ್ತು ಕದಿರು ಬಟ್ಟೆಯ ಮೇಲೆ ಬಿದ್ದಿರುತ್ತವೆ. ಪ್ರತಿ ಹೊಕ್ಕನ್ನು ಮೊದಲು ಚಿಕ್ಕ ಹಲ್ಲಿನ ಕೈಗರಗಸದಂಥ ಸಾಧನದಿಂದ ಗೀರಿ ಕೂರಿಸುತ್ತಾರೆ, ಆಮೇಲೆ ಭಾರದ ಬಾಚಣಿಗೆಯಿಂದ ಹೊಡೆಯುತ್ತಾರೆ. ಹಾಸು ಪೂರ್ತಿ ಮುಚ್ಚಿಹೋಗಬೇಕು. ಮುಗಿದ ಬಟ್ಟೆಯಲ್ಲಿ ಹತ್ತಿ ಕಾಣಿಸಿದರೆ ಅದು ದೋಷ.

ಇಲ್ಲೂ ಹಿಂಬದಿಯಿಂದಲೇ ನೇಯ್ಗೆ, ಹಾಗಾಗಿ ನಕ್ಷೆಯನ್ನು ಎಡಬಲ ತಿರುಗಿಸಿ ಬರೆದಿರಬೇಕು. ಅಕ್ಷರ, ಸಹಿ ಎಲ್ಲವೂ ಕನ್ನಡಿಯ ಪ್ರತಿಬಿಂಬದಂತೆ. ಹೆಬ್ಬೆರಳಗಲದ ಕನ್ನಡಿಯನ್ನು ಹಾಸಿನ ಕೆಳಗೆ ತೂರಿಸಿ ಒಂದು ತುಣುಕನ್ನಷ್ಟೇ ನೋಡಬಹುದು. ನೇಯ್ದ ಭಾಗ ಉರುಳೆಗೆ ಸುತ್ತಿಕೊಳ್ಳುತ್ತಾ ಹೋಗುವುದರಿಂದ ಕಳೆದ ತಿಂಗಳ ಕೆಲಸವನ್ನು ಈ ತಿಂಗಳ ಕೆಲಸದ ಪಕ್ಕ ಇಟ್ಟು ನೋಡಲಾಗದು. ಇಡೀ ಚಿತ್ರವನ್ನು ನೇಕಾರರೂ ಚಿತ್ರಕಾರರೂ ಮೊದಲ ಬಾರಿ ನೋಡುವುದು ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸುವ ದಿನ. ನಡುವೆ ಬಣ್ಣ ತಪ್ಪಿದ್ದರೆ ಆಗ ಗೊತ್ತಾಗಿ ಪ್ರಯೋಜನವಿಲ್ಲ.

ಲ್ಯೂರ್ಸಾ ಕೈ ಹಾಕಿದ್ದು ಇದೇ ಕಷ್ಟಕ್ಕೆ. ಬಣ್ಣ ಹಚ್ಚಿದ ಚಿತ್ರ ಕೊಟ್ಟರೆ ಮಂದ ಬೆಳಕಿನಲ್ಲಿ, ಎಳೆಗಳ ಸಂದಿಯಲ್ಲಿ ಕಂಡ ಬಣ್ಣಕ್ಕೆ ಸರಿಹೊಂದುವ ಉಣ್ಣೆ ಯಾವುದೆಂದು ನೇಕಾರ ಊಹಿಸಬೇಕಾಗುತ್ತಿತ್ತು. ಲ್ಯೂರ್ಸಾ ಬಣ್ಣವನ್ನೇ ಬಿಟ್ಟರು. ಬಿಳಿ ಕಾಗದದ ಮೇಲೆ ಕಪ್ಪು ಗೆರೆ, ಗೆರೆಯೊಳಗಿನ ಪ್ರತಿ ಪುಟ್ಟ ಜಾಗಕ್ಕೂ ಒಂದು ಸಂಖ್ಯೆ. ಮಗ್ಗಶಾಲೆಯಲ್ಲಿ ದಾರಕ್ಕೆ ಪೋಣಿಸಿದ ಉಣ್ಣೆಯ ಮಾದರಿಗಳಿರುತ್ತವೆ, ಪ್ರತಿಯೊಂದಕ್ಕೂ ಸಂಖ್ಯೆಯ ಚೀಟಿ. ನಕ್ಷೆಯಲ್ಲಿ 12 ಎಂದಿದ್ದರೆ ಮಾಲೆಯ 12ನೇ ಉಣ್ಣೆ, ಮಾತು ಮುಗಿಯಿತು. ಸಾವಿರಗಟ್ಟಲೆ ಛಾಯೆಗಳ ಬದಲು ಕೆಲವೇ ಡಜನ್ ಬಣ್ಣ. ಎಳೆಯೂ ದಪ್ಪ, ಸೆಂಟಿಮೀಟರಿಗೆ ಐದರ ಆಸುಪಾಸು ಹಾಸಿನೆಳೆ. ಕೆಲಸ ಚುರುಕಾಯಿತು, ಬೆಲೆ ಇಳಿಯಿತು. ಅದೇ ನಕ್ಷೆ, ಅದೇ ಸಂಖ್ಯೆ ಇಟ್ಟುಕೊಂಡು ವರ್ಷಗಳ ನಂತರ ಎರಡನೇ ಪ್ರತಿ ನೇಯ್ದರೂ ಬಣ್ಣ ತಪ್ಪುವುದಿಲ್ಲ.

ಇದನ್ನು ಲ್ಯೂರ್ಸಾ ಒಬ್ಬರೇ ಕಂಡುಹಿಡಿದರು ಎಂದು ಹೇಳುವುದು ಅನ್ಯಾಯ. ಇದೇ ಊರಿನ ಕಲಾ ಶಾಲೆಯ ನಿರ್ದೇಶಕರಾಗಿದ್ದ ಆಂತ್ವಾನ್-ಮರಿಯುಸ್ ಮಾರ್ತಾಂ, 1917ರಿಂದಲೇ ದಪ್ಪ ಎಳೆ, ಕಡಿಮೆ ಬಣ್ಣದ ಪ್ರಯೋಗ ನಡೆಸಿದ್ದರು. 1930ರಲ್ಲಿ ಅವರ ಜಾಗಕ್ಕೆ ಬಂದ ಎಲೀ ಮೇಂಗೊನಾ ಅದನ್ನು ಮುಂದುವರಿಸಿದರು. ಲ್ಯೂರ್ಸಾ ಬಳಿ ಇದ್ದದ್ದು ಪ್ಯಾರಿಸ್‌ನಲ್ಲಿ ಗಳಿಸಿದ ಹೆಸರು, ಮಾತಿನ ಬಲ ಮತ್ತು ಸಂಘಟಿಸುವ ಹುರುಪು. ಊರಿನ ಪ್ರಯೋಗವನ್ನು ಅವರು ದೇಶದ ಸುದ್ದಿಯಾಗಿಸಿದರು. ಸಿತೇಯಲ್ಲಿ ಮೇಂಗೊನಾ ಕೃತಿ ತೂಗಿದ್ದರೆ ಅದರ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಿ.

ಹತ್ತಿರದಿಂದ ಏನು ನೋಡಬೇಕು? ಟ್ಯಾಪೆಸ್ಟ್ರಿಯನ್ನು ಮಗ್ಗದಲ್ಲಿ ಅಡ್ಡ ಮಲಗಿಸಿ ನೇಯ್ದು, ಮುಗಿದ ಮೇಲೆ ಕಾಲುಭಾಗ ತಿರುಗಿಸಿ ತೂಗುಹಾಕುತ್ತಾರೆ. ಹಾಗಾಗಿ ಗೋಡೆಯ ಮೇಲೆ ಹಾಸಿನೆಳೆಗಳ ಏಣುಗಳು ಅಡ್ಡಡ್ಡ ಕಾಣುತ್ತವೆ. ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಎಣಿಸಬಹುದು. ಎರಡು ಛಾಯೆ ಸೇರುವಲ್ಲಿ ಒಂದು ಬಣ್ಣದ ಚೂಪು ನಾಲಿಗೆಗಳು ಇನ್ನೊಂದರೊಳಗೆ ಮೇಲಿಂದ ಕೆಳಕ್ಕೆ ಚಾಚಿಕೊಂಡಿರುತ್ತವೆ. ನಡುವಿನ ಬಣ್ಣ ಅಲ್ಲಿ ಇಲ್ಲವೇ ಇಲ್ಲ. ಎರಡೇ ಉಣ್ಣೆ, ನಾಲಿಗೆಯ ಉದ್ದ ಹೆಚ್ಚುಕಡಿಮೆ ಮಾಡಿ ಛಾಯೆ ಹುಟ್ಟಿಸಿದ್ದಾರೆ. ಕೆಲವೆಡೆ ಒಂದೇ ಕದಿರಿಗೆ ಎರಡು ಬಣ್ಣದ ಎಳೆ ಒಟ್ಟಿಗೆ ಸುತ್ತಿ ಚುಕ್ಕೆಚುಕ್ಕೆಯ ಮೂರನೇ ಬಣ್ಣ ಪಡೆದಿರುತ್ತಾರೆ. ಎರಡು ಬಣ್ಣದ ಗಡಿ ಹಾಸಿನೆಳೆಯ ಗುಂಟ ಓಡಿದರೆ ಅಲ್ಲಿ ಸೀಳು ಉಳಿಯುತ್ತದೆ, ಅದನ್ನು ಆಮೇಲೆ ಸೂಜಿಯಿಂದ ಹೊಲಿಯಬೇಕು. ತೂಗುಹಾಕಿದಾಗ ಈ ಸೀಳುಗಳು ಅಡ್ಡಕ್ಕೆ ಬರುವುದರಿಂದ ಬಟ್ಟೆಯ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಹಳೆಯ ಟ್ಯಾಪೆಸ್ಟ್ರಿ ಮೊದಲು ಬಾಯಿಬಿಡುವುದು ಇಲ್ಲೇ.

ನಾಲ್ಕನೇ ದಿನ: ಫೆಲ್‌ತಾಂ

ಹತ್ತು ಕಿಲೋಮೀಟರ್ ದಕ್ಷಿಣಕ್ಕೆ ಫೆಲ್‌ತಾಂ. ಉಣ್ಣೆ ನೂಲುವ ಗಿರಣಿ, ಪ್ಯಾಂತೋನ್ ಮಗ್ಗಶಾಲೆ ಈ ಊರಿನವು. ಗಿರಣಿಗಳ ಭೇಟಿಯ ದಿನ-ವೇಳೆ ಪ್ರವಾಸಿ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಬೆಳಗ್ಗೆ ಹೋಗುವುದು ಒಳ್ಳೆಯದು, ಹನ್ನೆರಡರಿಂದ ಎರಡರವರೆಗೆ ಎಲ್ಲವೂ ಬಂದ್.

ಮಗ್ಗದ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ: ಏನು ಕೆಡುತ್ತದೆ? ಹಾಸಿನ ಬಿಗಿ ಒಂದು ಕಡೆ ಸಡಿಲವಾಗಿದ್ದರೆ ಬಟ್ಟೆ ತೂಗುಹಾಕಿದಾಗ ಅಲ್ಲಿ ಹೊಟ್ಟೆ ಬರುತ್ತದೆ. ಹೊಕ್ಕನ್ನು ಬಿಗಿಯಾಗಿ ಎಳೆದರೆ ಅಂಚು ಒಳಕ್ಕೆ ಸೇದಿಕೊಂಡು ಆಯತ ಸೊಂಟ ಕಟ್ಟಿದಂತಾಗುತ್ತದೆ. ಅದಕ್ಕೇ ಉಣ್ಣೆಯನ್ನು ಕಮಾನಿನಂತೆ ಸಡಿಲ ಹಾಕಿ ಆಮೇಲೆ ಒತ್ತುತ್ತಾರೆ. ಒಬ್ಬ ನೇಕಾರ ಗಟ್ಟಿ ಹೊಡೆದು ಪಕ್ಕದವನು ಮೃದುವಾಗಿ ಹೊಡೆದರೆ ಇಬ್ಬರ ನಡುವೆ ಎತ್ತರ ತಪ್ಪುತ್ತದೆ. ಒಬ್ಬರಿಗೆ ತಿಂಗಳಿಗೆ ಒಂದು ಚದರ ಮೀಟರ್ ಎಂಬುದು ಈ ಕಡೆಯ ಒರಟು ಲೆಕ್ಕ, ವಿನ್ಯಾಸ ನೋಡಿ ಹೆಚ್ಚುಕಡಿಮೆ.

ಕೊಳ್ಳುವ ಮನಸ್ಸಿರುವವರಿಗೆ: ಟ್ಯಾಪೆಸ್ಟ್ರಿಯನ್ನು ತಿರುಗಿಸಿ ನೋಡದೆ ಬೆಲೆ ಮಾತಾಡಬೇಡಿ. ಹಿಂಬದಿಯ ಮೂಲೆಯಲ್ಲಿ ಬೊಲ್‌ದ್ಯುಕ್ ಎಂಬ ಬಟ್ಟೆಯ ಪಟ್ಟಿ ಹೊಲಿದಿರುತ್ತದೆ. ಅದರಲ್ಲಿ ಕೃತಿಯ ಹೆಸರು, ಅಳತೆ, ಮಗ್ಗಶಾಲೆ, ಪ್ರತಿಯ ಸಂಖ್ಯೆ ಮತ್ತು ಕಲಾವಿದರ ಅಥವಾ ಅವರ ಹಕ್ಕುದಾರರ ಸಹಿ ಇರಬೇಕು. ಇಂದಿನ ಫ್ರೆಂಚ್ ತೆರಿಗೆ ಕಾನೂನಿನಂತೆ ಕೈಯಿಂದ ನೇಯ್ದ ಎಂಟು ಪ್ರತಿಗಳವರೆಗೆ ಮಾತ್ರ ಮೂಲ ಕಲಾಕೃತಿ. ಲ್ಯೂರ್ಸಾ ಹೆಸರಿನಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿದ ಗೋಡೆಚಿತ್ರಗಳೂ ಸಂತೆಗಳಲ್ಲಿ ಸಿಗುತ್ತವೆ. ಕೈನೇಯ್ಗೆಯ ಹಿಂಬದಿಯಲ್ಲಿ ಬಿಡಿ ಉಣ್ಣೆಯ ತುದಿಗಳೂ ಹೊಲಿಗೆಯ ಸಾಲುಗಳೂ ಕಾಣುತ್ತವೆ, ಬಣ್ಣ ಮುಂಭಾಗದಷ್ಟೇ ಗಾಢ. ಅಚ್ಚಿನ ಹಿಂಬದಿ ಪೇಲವ.

ಐದನೇ ದಿನ: ಸೇಂ-ಸೆರೆ

ಬೆಟ್ಟದ ದಾರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ. ಊರಿಗೆ ಇನ್ನೂ ಕೆಲವು ಕಿಲೋಮೀಟರ್ ಇರುವಾಗಲೇ ಗುಡ್ಡದ ತುದಿಯಲ್ಲಿ ಎರಡು ಚೌಕ ಗೋಪುರಗಳು ಕಾಣಿಸುತ್ತವೆ. ಮಧ್ಯಯುಗದಲ್ಲಿ ತ್ಯುರೆನ್ ಪಾಳೆಯಗಾರರದ್ದಾಗಿದ್ದ ಸೇಂ-ಲೊರಾಂ ಕೋಟೆ ಅದು. ಯುದ್ಧಕಾಲದಲ್ಲಿ ಲ್ಯೂರ್ಸಾ ಈ ಲೋತ್ ಪ್ರಾಂತ್ಯದಲ್ಲಿ ಜರ್ಮನ್ ಆಕ್ರಮಣದ ವಿರುದ್ಧದ ಭೂಗತ ಚಳವಳಿಯಲ್ಲಿದ್ದರು. ದತ್ತುಮಗ ವಿಕ್ಟರ್ ಜರ್ಮನ್ನರ ಕೈಗೆ ಸಿಕ್ಕಿ ಕೊಲ್ಲಲ್ಪಟ್ಟರು. 1943ರಲ್ಲಿ, ಕವಿ ಪೋಲ್ ಎಲ್ಯುಆರ್ ಅವರ ‘ಸ್ವಾತಂತ್ರ್ಯ’ ಪದ್ಯದ ಸಾಲುಗಳನ್ನು ಹೊತ್ತ ಲ್ಯೂರ್ಸಾ ಟ್ಯಾಪೆಸ್ಟ್ರಿಯೊಂದು ಒಬ್ಯುಸೋನ್‌ನಲ್ಲಿ ಗುಟ್ಟಾಗಿ ನೇಯಲ್ಪಟ್ಟಿತು. ಯುದ್ಧ ಮುಗಿದ 1945ರಲ್ಲಿ ಲ್ಯೂರ್ಸಾ ಈ ಕೋಟೆಯನ್ನು ಕೊಂಡು ಕೊನೆಯವರೆಗೂ ಇದನ್ನೇ ಮನೆ, ಕೆಲಸದ ಜಾಗ ಮಾಡಿಕೊಂಡರು. ಅವರ ನಂತರ ಹೆಂಡತಿ ಸಿಮೋನ್ ಇದನ್ನು ಪ್ರಾಂತ್ಯಾಡಳಿತಕ್ಕೆ ದಾನ ಕೊಟ್ಟರು.

ಒಳಗೆ ಬಾಗಿಲು, ಗೋಡೆ, ಸೂರು ಯಾವುದನ್ನೂ ಖಾಲಿ ಬಿಟ್ಟಿಲ್ಲ. ಬಾಗಿಲ ಹಲಗೆಯ ಮೇಲೆ ನೇರವಾಗಿ ಬಣ್ಣ ಹಚ್ಚಿದ್ದಾರೆ. ಹುಂಜ, ಎಲೆಯಂಥ ರೆಕ್ಕೆ, ಮೇಕೆ, ನಕ್ಷತ್ರ, ಮುಖವಿರುವ ಸೂರ್ಯ, ಕೈಗೆ ಸಿಕ್ಕ ಜಾಗವೆಲ್ಲ ತುಂಬಿದೆ. ಟ್ಯಾಪೆಸ್ಟ್ರಿಗಳ ನಡುವೆ ಪಿಂಗಾಣಿ ತಟ್ಟೆ, ಹೂಜಿಗಳೂ ಇವೆ. 1950ರ ದಶಕದಲ್ಲಿ ಪೆರ್ಪಿಞಾಂ ಬಳಿಯ ಸಾಂ-ವಿಸೆನ್ಸ್ ಕುಂಬಾರಶಾಲೆಯಲ್ಲಿ ಲ್ಯೂರ್ಸಾ ಧಾರಾಳವಾಗಿ ಕೆಲಸ ಮಾಡಿದರು. ಈ ಮನೆಯನ್ನು ನೋಡಿದಾಗ ಅವರ ದೌರ್ಬಲ್ಯವೂ ಕಾಣುತ್ತದೆ. ಒಂದೇ ಹುಂಜ ಎಷ್ಟು ಸಲ! ಐವತ್ತರ ದಶಕದಲ್ಲಿ ಬೇಡಿಕೆ ಏರಿ, ನೂರಾರು ನಕ್ಷೆ ಬರೆಯುವಾಗ ಅದೇ ಸಾಮಾನು ಮತ್ತೆ ಮತ್ತೆ ಬಂದಿದೆ. ಮಧ್ಯಮ ಗಾತ್ರದ ಬಹಳಷ್ಟು ಟ್ಯಾಪೆಸ್ಟ್ರಿಗಳು ಚೆಂದದ ಅಲಂಕಾರದಾಚೆ ಹೋಗುವುದಿಲ್ಲ.

ಊರೊಳಗಿನ ಕಾಸಿನೊ ಗ್ಯಾಲರಿಯಲ್ಲೂ ಅವರ ಟ್ಯಾಪೆಸ್ಟ್ರಿಗಳಿವೆ. ಈಗ ಮ್ಯೂಸಿಯಂ ಆಗಿರುವ ಮೇಲಿನ ಕೋಟೆಗೆ ಕಡಿದಾದ ಏರು. ಕಾರಿನಲ್ಲಿ ಹೋಗುವುದು ಲೇಸು. ಊಟಕ್ಕೆ ಸುತ್ತಲಿನ ಮೇಕೆ ಹಾಲಿನ ಪುಟ್ಟ ಚೀಸ್, ಬ್ರೆಡ್, ವಾಲ್‌ನಟ್ ಸಲಾಡ್ ಸಿಗುತ್ತದೆ.

ಆರನೇ ದಿನ: ರಸ್ತೆ

ಸೇಂ-ಸೆರೆಯಿಂದ ಆಂಜೆಗೆ ಕಾರಿನಲ್ಲಿ ಲಿಮೋಜ್, ಪ್ವಾತಿಯೆ ದಾರಿಯಾಗಿ ಸುಮಾರು 400 ಕಿಲೋಮೀಟರ್. ರೈಲಿನಲ್ಲಾದರೆ ಬ್ರೀವ್‌ನಿಂದ ಪ್ಯಾರಿಸ್‌ಗೆ ವಾಪಸು ಹೋಗಿ, ನಿಲ್ದಾಣ ಬದಲಿಸಿ ಮತ್ತೆ ಹೊರಡಬೇಕು. ಕಾರನ್ನು ಆಂಜೆಯಲ್ಲಿ ಹಿಂದಿರುಗಿಸಲು ಹೆಚ್ಚಿನ ಶುಲ್ಕ ಕೇಳುತ್ತಾರೆ, ಕೊಟ್ಟರೂ ನಷ್ಟವಿಲ್ಲ. ದಿನದಲ್ಲಿ ಬೇರೇನೂ ಇಟ್ಟುಕೊಳ್ಳಬೇಡಿ.

ಏಳನೇ ದಿನ: ಆಂಜೆ

ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಕೋಟೆಗೆ. ಹದಿನೇಳು ಗೋಪುರಗಳ ಈ ಕೋಟೆಯೊಳಗೆ ‘ಅಪೊಕಲಿಪ್ಸ್’ ಟ್ಯಾಪೆಸ್ಟ್ರಿಗಾಗಿಯೇ 1950ರ ದಶಕದಲ್ಲಿ ಕಟ್ಟಿದ ಸಭಾಂಗಣವಿದೆ. ಆಂಜೂ ಪ್ರಾಂತ್ಯದ ಡ್ಯೂಕ್ ಮೊದಲನೇ ಲೂಯಿ 1375ರ ಸುಮಾರಿಗೆ ಬೈಬಲಿನ ಕೊನೆಯ ಪುಸ್ತಕದ ದೃಶ್ಯಗಳನ್ನು ನೇಯಿಸಿದರು. ಚಿತ್ರ ಬರೆದವರು ಜಾನ್ ದ ಬ್ರೂಜ್, ನೇಯಿಸುವ ಹೊಣೆ ನಿಕೊಲಾ ಬತಾಯ್ ಅವರದ್ದು. ಮೊದಲು 140 ಮೀಟರ್ ಉದ್ದವಿತ್ತಂತೆ, ಈಗ ಉಳಿದಿರುವುದು 100 ಮೀಟರಿಗೆ ಸ್ವಲ್ಪ ಹೆಚ್ಚು. ಹದಿನೆಂಟನೇ ಶತಮಾನದ ಹೊತ್ತಿಗೆ ಯಾರಿಗೂ ಬೇಡವಾಗಿ ಕತ್ತರಿಸಿ ಕಿತ್ತಳೆ ಗಿಡಗಳಿಗೆ ಚಳಿಗೆ ಹೊದಿಸಲು, ಕುದುರೆ ಲಾಯದ ಗೋಡೆಗೆ ಬಳಸಿದರು. 1848ರ ನಂತರ ಪಾದ್ರಿ ಜೂಬೇರ್ ತುಂಡುಗಳನ್ನು ಹುಡುಕಿ ಹೊಲಿಸಿದರು.

ಒಳಗೆ ಕಾಲಿಟ್ಟಾಗ ಏನೂ ಕಾಣುವುದಿಲ್ಲ, ಬೆಳಕು ಅಷ್ಟು ಕಡಿಮೆ. ಐದು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಒಂದು ದೃಶ್ಯದ ಹಿನ್ನೆಲೆ ಕೆಂಪು, ಪಕ್ಕದ್ದು ನೀಲಿ, ಹೀಗೆ ಒಂದು ಬಿಟ್ಟು ಒಂದು. ಮರದೆಲೆಗಳು ನೀಲಿಯಾಗಿವೆ ಎಂದು ಕಂಡರೆ ಅದು ಚಿತ್ರಕಾರನ ಕಲ್ಪನೆಯಲ್ಲ. ಆ ಕಾಲದ ಹಸಿರು ಎಂದರೆ ನೀಲಿಯ ಮೇಲೆ ಗಿಡದ ಹಳದಿ ಹಾಕಿದ್ದು. ಹಳದಿ ಬೆಳಕಿಗೆ ಬೇಗ ಹಾರಿಹೋಗಿ ನೀಲಿ ಉಳಿದಿದೆ. ಹಿಂಬದಿಯ ಅಸ್ತರು ಬಿಚ್ಚಿದಾಗ ಹಸಿರು ಹಾಗೇ ಇದ್ದದ್ದು ಸಿಕ್ಕಿತು. ಎಳೆಯ ತುದಿಗಳನ್ನು ಒಳಗೇ ಅಡಗಿಸಿ ಹಿಂಬದಿಯನ್ನೂ ಮುಂಭಾಗದಷ್ಟೇ ಚೊಕ್ಕಟವಾಗಿ ನೇಯ್ದದ್ದೂ ಆಗಲೇ ಸ್ಪಷ್ಟವಾಯಿತು.

1930ರ ದಶಕದ ಕೊನೆಯಲ್ಲಿ ಲ್ಯೂರ್ಸಾ ಇದರ ಮುಂದೆ ಬಂದು ನಿಂತರು. ದಪ್ಪ ಎಳೆ, ಎಣಿಸಿದಷ್ಟು ಬಣ್ಣ, ನಾಲಿಗೆ ಚಾಚಿದ ಛಾಯೆ, ಆಳವಿಲ್ಲದ ಹಿನ್ನೆಲೆ: ತಾವು ಹುಡುಕುತ್ತಿದ್ದುದೆಲ್ಲ ಐದೂವರೆ ಶತಮಾನಗಳಷ್ಟು ಹಳೆಯ ಗೋಡೆಬಟ್ಟೆಯಲ್ಲಿ ಸಿದ್ಧವಾಗಿತ್ತು.

ಕೋಟೆಯಿಂದ ಮೇನ್ ನದಿ ದಾಟಿ ಇಪ್ಪತ್ತು ನಿಮಿಷ ನಡೆದರೆ ದೂತ್ರ್ ಬಡಾವಣೆ, ಅಲ್ಲಿ ಹನ್ನೆರಡನೇ ಶತಮಾನದ ಸೇಂ-ಜಾನ್ ಆಸ್ಪತ್ರೆ. ಈಗ ಅದು ಜಾನ್ ಲ್ಯೂರ್ಸಾ ಮ್ಯೂಸಿಯಂ. ಸೋಮವಾರ ಬಂದ್ ಇರುವುದುಂಟು. ರೋಗಿಗಳ ಹಾಸಿಗೆ ಸಾಲುಗಟ್ಟಿದ್ದ ಕಮಾನು ಸೂರಿನ ದೊಡ್ಡ ಹಜಾರದಲ್ಲಿ ಲ್ಯೂರ್ಸಾ ಅವರ ‘ಲೋಕಗಾನ’ ಎಂಬ ಸರಣಿಯ ಹತ್ತು ಟ್ಯಾಪೆಸ್ಟ್ರಿಗಳು ತೂಗುತ್ತಿವೆ. ಎತ್ತರ 4.40 ಮೀಟರ್, ಎಲ್ಲ ಸೇರಿ ಉದ್ದ ಸುಮಾರು 80 ಮೀಟರ್, ಒಟ್ಟು 347 ಚದರ ಮೀಟರ್. ಯಾರೂ ಕೇಳದೆ, ಸ್ವಂತ ಖರ್ಚಿನಲ್ಲಿ 1957ರಲ್ಲಿ ಲ್ಯೂರ್ಸಾ ಇದನ್ನು ಶುರುಮಾಡಿದರು, ಆಗ ವಯಸ್ಸು ಅರವತ್ತೈದು. ಸೆಂಟಿಮೀಟರಿಗೆ ಐದು ಎಳೆ ಎಂದು ಹಿಡಿದರೆ 4.40 ಮೀಟರಿಗೆ 2,200 ಹಾಸಿನೆಳೆ. ತಿಂಗಳಿಗೆ ಒಂದು ಚದರ ಮೀಟರ್ ಲೆಕ್ಕದಲ್ಲಿ ಒಬ್ಬನೇ ನೇಯ್ದಿದ್ದರೆ ಸುಮಾರು 29 ವರ್ಷ. ತಬಾರ್, ಗೂಬ್ಲಿ, ಪಿಕೋ ಎಂಬ ಮೂರು ಮಗ್ಗಶಾಲೆಗಳಿಗೆ ಕೆಲಸ ಹಂಚಿದ್ದು ಅದಕ್ಕೇ. ಸಂಖ್ಯೆಯ ನಕ್ಷೆ ಇಲ್ಲದಿದ್ದರೆ ಮೂರು ಕಡೆ ನೇಯ್ದ ಬಟ್ಟೆ ಒಂದೇ ಸಾಲಿನಲ್ಲಿ ಬಣ್ಣ ತಪ್ಪದೆ ನಿಲ್ಲುವುದು ಕಷ್ಟವಿತ್ತು.

ಕಪ್ಪು ಉಣ್ಣೆಯ ಹಿನ್ನೆಲೆ. ‘ಮಹಾ ಬೆದರಿಕೆ’ಯಲ್ಲಿ ಮೇಲೆ ಹದ್ದು, ಕೆಳಗೆ ಪ್ರಾಣಿಗಳನ್ನು ತುಂಬಿಕೊಂಡ ದೋಣಿ, ಚುಕ್ಕಾಣಿ ಹಿಡಿದ ಮನುಷ್ಯ. ಪಕ್ಕದಲ್ಲಿ ‘ಹಿರೋಷಿಮಾದ ಮನುಷ್ಯ’, ‘ಮಹಾ ಶವರಾಶಿ’. ನಾಲ್ಕನೆಯ ‘ಎಲ್ಲದರ ಅಂತ್ಯ’ದಲ್ಲಿ ಬಹುತೇಕ ಏನೂ ಇಲ್ಲ, ಕಪ್ಪಿನಲ್ಲಿ ಉದುರುವ ಬೂದಿ, ಮುರಿದ ಗಿಡ. ಇಡೀ ಸಾಲಿನಲ್ಲಿ ನಮಗೆ ಎಲ್ಲಕ್ಕಿಂತ ಗಟ್ಟಿಯೆನಿಸುವುದು ಇದೇ, ಬಹುಶಃ ಹುಂಜ, ಸೂರ್ಯಗಳನ್ನು ಕೆಳಗಿಟ್ಟು ಬರೆದದ್ದಕ್ಕೆ. ಅದರ ನಂತರ ‘ಶಾಂತಿಯಲ್ಲಿ ಬೆಳಗುವ ಮನುಷ್ಯ’ನ ತಲೆಯ ಮೇಲೆ ಗೂಬೆ, ಅಲ್ಲಿಂದ ‘ನೀರು ಮತ್ತು ಬೆಂಕಿ’, ‘ಶಾಂಪೇನ್’, ಸ್ಪುಟ್ನಿಕ್ ಕಾಲದ ‘ಅಂತರಿಕ್ಷದ ಗೆಲುವು’, ‘ಕಾವ್ಯ’ ಎಂದು ಬಣ್ಣ ಏರುತ್ತಾ ಹೋಗುತ್ತದೆ. ‘ಶಾಂಪೇನ್’ನ ಚಿಮ್ಮುವ ಗುಳ್ಳೆಗಳ ಹತ್ತಿರ ನಿಂತು ಕಪ್ಪಿಗೆ ಹಳದಿ ಹೊಕ್ಕ ಗಡಿಯನ್ನು ನೋಡಿ: ಒಬ್ಯುಸೋನ್‌ನಲ್ಲಿ ಕಂಡ ಅದೇ ಚೂಪು ನಾಲಿಗೆಗಳು, ಬೆರಳುದ್ದ. ಎರಡು ಹೆಜ್ಜೆ ಹಿಂದೆ ಸರಿದರೆ ಅವೇ ಹೊಳಪಾಗುತ್ತವೆ. ಕೊನೆಯ, ಹತ್ತನೆಯದನ್ನು ನೇಯ್ದು ಮುಗಿಸಿದ್ದು ಲ್ಯೂರ್ಸಾ ತೀರಿಕೊಂಡ ಮೇಲೆ. 1960ರ ದಶಕದ ಕೊನೆಯಿಂದ ಇಡೀ ಸಾಲು ಈ ಹಜಾರದಲ್ಲಿದೆ.

ಅದೇ ಟಿಕೆಟ್ಟಿನ ಜೊತೆ ಪಕ್ಕದ ಸಮಕಾಲೀನ ಟ್ಯಾಪೆಸ್ಟ್ರಿ ಮ್ಯೂಸಿಯಂ ಸೇರಿದೆಯೇ ಎಂದು ಕೇಳಿಕೊಳ್ಳಿ. 1986ರಲ್ಲಿ ತೆರೆದದ್ದು. ಲ್ಯೂರ್ಸಾ ನಂತರದ ಜಗಳ ಇಲ್ಲಿದೆ. 1962ರಲ್ಲಿ ಸ್ವಿಟ್ಜರ್ಲೆಂಡಿನ ಲೊಜಾನ್‌ನಲ್ಲಿ ಅಂತರರಾಷ್ಟ್ರೀಯ ಟ್ಯಾಪೆಸ್ಟ್ರಿ ದ್ವೈವಾರ್ಷಿಕ ಪ್ರದರ್ಶನ ಶುರುವಾದಾಗ ಅದರ ಮುಂದಾಳುಗಳಲ್ಲಿ ಲ್ಯೂರ್ಸಾ ಒಬ್ಬರು. ಮೊದಲ ಪ್ರದರ್ಶನಕ್ಕೇ ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ ಬಂದರು. ನಕ್ಷೆಯೂ ಇಲ್ಲ, ಸಂಖ್ಯೆಯೂ ಇಲ್ಲ. ಕಲಾವಿದೆಯೇ ನೇಕಾರ್ತಿ, ಹಗ್ಗ, ನಾರು ಕೈಗೆ ಬಂದಂತೆ. ಹತ್ತು ವರ್ಷ ತುಂಬುವ ಮೊದಲೇ ಆ ಪ್ರದರ್ಶನದ ನೇಯ್ಗೆ ಗೋಡೆ ಬಿಟ್ಟು ನೆಲಕ್ಕೆ, ಗಾಳಿಗೆ ಇಳಿದಿತ್ತು. ಚಿತ್ರಕಾರ ಬರೆದುಕೊಟ್ಟು ನೇಕಾರ ನೇಯುವ ಪದ್ಧತಿ ಹಳೆಯದೆನಿಸಿತು. ಒಬ್ಯುಸೋನ್ ಮಗ್ಗಗಳು ಮಾತ್ರ ಇಂದಿಗೂ ಆ ಪದ್ಧತಿಯಲ್ಲೇ ನಡೆಯುತ್ತಿವೆ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಬರೆದ ಚಿತ್ರಗಳನ್ನೂ ಜಪಾನಿನ ಆನಿಮೇಶನ್ ನಿರ್ದೇಶಕ ಮಿಯಾಜಾಕಿ ಸಿನಿಮಾದ ದೃಶ್ಯಗಳನ್ನೂ ಇತ್ತೀಚೆಗೆ ಅಲ್ಲಿ ನೇಯಿಸಿದ್ದಾರೆ.

ಆಂಜೆಯಿಂದ ಪ್ಯಾರಿಸ್ ಮೋಂಪಾರ್ನಾಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಎರಡೂ ಕಡೆ ನೋಡಿ ಮುಗಿಸಲು ಸಂಜೆ ಆರಾಗುತ್ತದೆ, ಟಿಕೆಟ್ಟನ್ನು ಏಳರ ನಂತರದ ಗಾಡಿಗೆ ಮಾಡಿಸಿ.